ಎರಡು ಬೆರಳಗಲ

“ಅಡುಗೆಮನೆ ಕೆಲಸ ತೃಪ್ತಿಕರವಾಗಿ ಮುಗಿದಿದೆ ಅಂತ ಸಹಿ ಹಾಕಿ, ಬಾಕಿ ಕೊಡಿ ಮೇಡಂ. ಇಲ್ಲಾಂದ್ರೆ ನಾಳೇನೇ ಕೌಂಟಿ ನೋಂದಣಿ ಕಚೇರೀಲಿ ನಿಮ್ಮನೆ ಮೇಲೆ ಋಣಭಾರ ಬರೆಸ್ತೀನಿ. ಆಮೇಲೆ ಮಾರೋಕೂ ಆಗಲ್ಲ,” ಎಂದು ಗುತ್ತಿಗೆದಾರ ಡ್ವೇನ್ ಕಾಗದದ ಮೇಲೆ ತನ್ನ ಪೆನ್ನಿಟ್ಟ.

ಜಗಳವಾಡಿ ಸಾಕಾಗಿದ್ದ ಲೊರೆಟ್ಟಾ ಅವನ ಮುಂದೆ ಕಾಫಿ, ಸಕ್ಕರೆ ಇಟ್ಟಳು. “ಚಮಚ ಆ ಡ್ರಾಯರಲ್ಲಿದೆ, ತಗೋ.”

ಅವನೇ ಕೂರಿಸಿದ್ದ ಡ್ರಾಯರು. ಎಳೆದರೆ ಎರಡು ಬೆರಳಗಲ ತೆರೆದು, ಮೂಲೆಯ ಓವನ್ ಬಾಗಿಲಿನ ಹಿಡಿಕೆಗೆ ಬಡಿದು ನಿಂತಿತು. ಮತ್ತೆ ಎಳೆದ. ಬೆರಳು ತೂರಿಸಿ ತಡಕಾಡಿದ, ಗೆಣ್ಣು ತರಚಿತು.

ಲೊರೆಟ್ಟಾ ಕಾಗದದ ಮೇಲಿನ ಪೆನ್ನನ್ನು ಅವನತ್ತ ಚಾಚಿದಳು. “ಇದ್ರಲ್ಲೇ ಕಲಕ್ಕೋ. ಮೂರು ತಿಂಗಳಿಂದ ನಾನೂ ಹೀಗೇ ಕುಡೀತಿರೋದು.”

ಡ್ವೇನ್ ಕಾಗದ ಮಡಚಿ ಜೇಬಿಗಿಳಿಸಿದ. ಸೊಂಟದ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಡ್ರಾಯರಿನ ಮುಂದೆ ಮಂಡಿಯೂರಿದ.