ಮಸಾಲೆ ಡಬ್ಬಿಯ ರಬ್ಬರ್ ಮೀನು

ಹೊಸ ರೇನ್‌ಕೋಟ್ ಬಿಚ್ಚಿದಾಗಲೆಲ್ಲ ಆ ವಾಸನೆಗೆ ಸೋದರಮಾವನ ಡಬ್ಬಿ ನೆನಪಾಗುತ್ತದೆ.

ಮಾವ ಗಾಳಕ್ಕೆ ಸಿಕ್ಕಿಸುವ ಮೆತ್ತನೆಯ ರಬ್ಬರ್ ಮೀನುಗಳನ್ನು ಹಳೆಯ ಮಸಾಲೆ ಡಬ್ಬಿಯಲ್ಲಿ, ಬಣ್ಣಕ್ಕೊಂದು ಬಟ್ಟಲಿನಂತೆ ಜೋಡಿಸಿಡುತ್ತಿದ್ದರು. "ಒಂದಕ್ಕೊಂದು ತಾಕಿಸ್ಬೇಡ ಕಣೇ, ಬಣ್ಣ ಹತ್ಕೊತದೆ" ಎಂದಿದ್ದರು. ಬಿಳಿಯದು ಒಂದೇ ಒಂದಿತ್ತು. ಪಾಪವೆನಿಸಿ, ಮಾವನ ಕಣ್ಣು ತಪ್ಪಿಸಿ ಅದನ್ನು ಕೆಂಪು ಮೀನುಗಳ ನಡುವೆ ಮಲಗಿಸಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ, ಕುಣಿಗಲ್ ಕೆರೆ ಏರಿಯ ಮೇಲೆ ಕೂತು ಮಾವ ಮುಚ್ಚಳ ತೆಗೆದರು. ಬಿಳಿ ಮೀನಿನ ಹೊಟ್ಟೆಯೊಳಗೆ ನಸುಗೆಂಪು ಇಳಿದು, ಬಾಲದವರೆಗೆ ನರದಂತೆ ಹರಡಿತ್ತು. ಬೈಸಿಕೊಳ್ಳುವ ಭಯವನ್ನೂ ಮರೆತು, "ಮಾವ, ಇದ್ಕೆ ಜೀವ ಬಂದೈತೆ" ಎಂದೆ.

ಅವರು ಅದನ್ನೇ ಗಾಳಕ್ಕೆ ಸಿಕ್ಕಿಸಿ ಎಸೆದರು. ಸ್ವಲ್ಪ ಹೊತ್ತಿಗೆ ದೊಡ್ಡ ಕೊರಮೀನೊಂದು ನೀರು ಸೀಳಿ ಅದನ್ನು ಕಚ್ಚಿತು.

ಬಿಗಿದ ದಾರ ಹಿಡಿದುಕೊಂಡೇ ಮಾವ ಮೆಲ್ಲಗೆ ಹೇಳಿದರು: "ಅದೂ ಹಂಗೇ ಅಂದ್ಕೊಂಡೈತೆ ಕಣೇ."