ಹಿಂದಿನ ಎಂಜಿನ್

ಗಂಗಾಮಣಿಯ ಟೆಸ್ಟಿಂಗ್ ಮೀಟರು “ಕುಂಯ್” ಎಂದಿತು. ಶಾಂತಮಲ್ಲಪ್ಪ ಅದಕ್ಕಿಂತ ಚೆನ್ನಾಗಿ “ಕುಂಯ್ಯ್” ಎಂದ. ಸ್ಟೋರಿನ ಕಾಫಿ ಮೂಟೆಗಳ ಮೇಲೆ ಕೂತು ತಮಾಷೆ ನೋಡುತ್ತಿದ್ದ ಎಸ್ಟೇಟ್ ರೈಟರೂ ಇಬ್ಬರು ಆಳುಗಳೂ ಗೊಳ್ಳೆಂದರು. ಶಾಂತಮಲ್ಲಪ್ಪ ಹೆಸರಿಗಷ್ಟೇ ಶಾಂತ, ಬಾಯಿ ಸಂತೆ. ಜೀಪಿನ ಸ್ಟಾರ್ಟರು, ಯಸಳೂರು ಬಸ್ಸಿನ ಕಂಡಕ್ಟರು, ಯಾರ ದನಿ ಕೇಳಿದರೂ ಅವನ ಗಂಟಲಲ್ಲಿ ಸಿಕ್ಕುತ್ತಿತ್ತು.

ಗಂಗಾಮಣಿ ತಲೆ ಎತ್ತಲಿಲ್ಲ. ಸಕಲೇಶಪುರದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅವಳದು. ಈಗ ಅವಳೆದುರು ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದದ್ದು ಆಟದ ರೈಲಿನ ಒಂದು ಕರಿ ಎಂಜಿನ್. ಎಸ್ಟೇಟಿನ ಯಜಮಾನ ದೇವೀರಪ್ಪ ಚಡ್ಡಿ ಹಾಕುತ್ತಿದ್ದಾಗ ಅವನಪ್ಪ ತಂದುಕೊಟ್ಟದ್ದು. ಗೇಣುದ್ದ, ಎರಕದ ಮೈ, ಎತ್ತಿದರೆ ಅರ್ಧ ಕೇಜಿ. ದೇವೀರಪ್ಪನ ಹೆಂಡತಿಯ ತಮ್ಮ ಶಾಂತಮಲ್ಲಪ್ಪ ಹೋದ ತಿಂಗಳು ಒಂದು ಡಿಜಿಟಲ್ ಪೆಟ್ಟಿಗೆಯನ್ನೂ ಮಿರಮಿರ ಮಿಂಚುವ ಹಸಿರು ಎಂಜಿನ್ನನ್ನೂ ಹೊತ್ತು ತಂದಿದ್ದ. ಹೊಸ ಪದ್ಧತಿಯಲ್ಲಿ ಹಳಿಗೆ ಯಾವಾಗಲೂ ಕರೆಂಟು. ಎಂಜಿನ್ನಿನ ಹೊಟ್ಟೆಯೊಳಗಿನ ಡಿಕೋಡರೆಂಬ ಚಿಪ್ ತನ್ನ ನಂಬರು ಕರೆದಾಗ ಮಾತ್ರ ಓಗೊಡುತ್ತದೆ. ಹಸಿರಿಗೆ ಅದು ಹುಟ್ಟಿನಿಂದಲೇ ಇತ್ತು. ಕರಿ ಎಂಜಿನ್ನಿಗೆ ಕೂಡಿಸಲೆಂದು ಎರಡು ಡಿಕೋಡರು ಬಂದಿದ್ದವು. ಹೋದ ಭಾನುವಾರ ಒಂದನ್ನು ಗಂಗಾಮಣಿ ಸುಟ್ಟಿದ್ದಳು.

ಸುಟ್ಟದ್ದು ಜೀಪಿನ ಅಭ್ಯಾಸದಿಂದ. ಜೀಪಿನಲ್ಲಿ ಒಂದು ವೈರು ಬ್ಯಾಟರಿಗೆ, ಇನ್ನೊಂದು ಜೀಪಿನ ಮೈಗೆ ತಾಗಿದರೆ ಅರ್ಥ್ ಆಯಿತು, ಕೆಲಸ ಮುಗಿಯಿತು. ಹಳೇ ಎಂಜಿನ್ನಿನ ಮೋಟಾರೂ ಹಾಗೇ ಮೈಗೆ ಅಂಟಿಕೊಂಡಿತ್ತು. ಇರಲಿ ಎಂದು ಬಿಟ್ಟಳು. ಆ ಮೈಯಿಂದ ಹಳಿಯ ಕರೆಂಟು ನೇರ ಡಿಕೋಡರಿಗೆ ನುಗ್ಗೀತೆಂದು ಹೊಳೆಯಲಿಲ್ಲ. ಗುಂಡಿ ಒತ್ತಿದ್ದೇ ತಡ, ಹೆಬ್ಬೆರಳ ಉಗುರಿನಷ್ಟಿದ್ದ ಡಿಕೋಡರು ‘ಪುಸ್’ ಎಂದು ಊದುಬತ್ತಿಯಾಯಿತು. ಆ ‘ಪುಸ್’ ಶಾಂತಮಲ್ಲಪ್ಪನ ಬಾಯಲ್ಲಿ ವಾರವಿಡೀ ಊರೂರು ತಿರುಗಿತ್ತು.

“ಏನಮ್ಮಾ ಗಂಗಾಮಣಿ, ಇದೂ ಪುಸ್ ಅಂದ್ರೆ ಅಂಗ್ಡಿ ಬೋರ್ಡು ಬದ್ಲಾಯಿಸ್ಬುಡು. ಗಂಗಾ ವೈಂಡಿಂಗ್ ತೆಗೆದು ಗಂಗಾ ಧೂಪದೀಪ ಅಂತ ಬರ್ಸು!” ಎಂದ. ಆಮೇಲೆ ಭಾವನ ಕಡೆ ತಿರುಗಿ, “ಭಾವ, ಸುಮ್ನೆ ಗಾಜಿನ ಬೀರುನಾಗೆ ಇಟ್ಟು ಹೂವಿನ ಹಾರ ಹಾಕ್ಬುಡಿ ಅತ್ಲಾಗೆ. ವಯಸ್ಸಾಗೈತೆ.”

ದೇವೀರಪ್ಪ ಅವಳ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದ: “ಇರೋದು ಇದೊಂದೇ ಡಿಕೋಡರು ಕಣಮ್ಮ. ಇದೂ ಹೋದ್ರೆ ಅಪ್ಪನ ಎಂಜಿನ್ನು ಬೀರುಗೇ ಸೈ. ಇವನ ಬಾಯಿಗೆ ಎದುರು ನಿಲ್ಲಕೆ ನನ್ನ ಕೈಲಾಗಲ್ಲ.”

“ಕುಂಯ್ ಅಂತಾ ಇರೋವರ್ಗೂ ನಾನು ಡಿಕೋಡರ್ ಮುಟ್ಟಲ್ಲ ಸಾವ್ಕಾರ್ರೆ. ಮೋಟಾರು ಎಲ್ಲೋ ಇನ್ನೂ ಮೈಗೆ ತಾಗ್ತಾ ಐತೆ.” ಮೋಟಾರಿನಡಿ ಕರೆಂಟು ಹಾಯದ ಲೆದರಾಯ್ಡ್ ಕಾಗದ ಹಾಸಿಯಾಗಿತ್ತು. ಇನ್ನೆಲ್ಲಿ? ಮೋಟಾರನ್ನು ಹಿಡಿದಿದ್ದ ಸಾಸಿವೆ ತಲೆಯ ತಿರುಪು ಆಗ ಅವಳ ಕಣ್ಣಿಗೆ ಬಿತ್ತು. ಬಿಚ್ಚಿದಳು. ಅದಕ್ಕೂ ಒಂದು ಪ್ಲಾಸ್ಟಿಕ್ ಕೊಳವೆಯ ಸ್ಲೀವು ತೊಡಿಸಿ, ತಲೆಯಡಿ ಕಾಗದದ ಬಿಲ್ಲೆ ಕೊಟ್ಟು ಬಿಗಿದಳು. ಮೀಟರಿನ ಎರಡು ಕಡ್ಡಿಗಳನ್ನು ಇಟ್ಟಳು. ಮೀಟರು ಉಸಿರೆತ್ತಲಿಲ್ಲ. ಶಾಂತಮಲ್ಲಪ್ಪನಿಗೂ ಅನುಕರಿಸಲು ಏನೂ ಸಿಗಲಿಲ್ಲ.

ಡಿಕೋಡರು ಒಳಗೆ ಹೋಯಿತು. ಹಳಿಯ ಎರಡು ವೈರು, ಮೋಟಾರಿನ ಎರಡು ವೈರು. ಮುಚ್ಚಳ ಹಾಕಿ, ಹಳಿಯ ಮೇಲಿಟ್ಟು, ಪೆಟ್ಟಿಗೆಯಲ್ಲಿ ಅದರ ನಂಬರು ಮೂರನ್ನು ಒತ್ತಿ ತಿರುಗಣೆ ತಿರುಗಿಸಿದಳು. ಹೊಗೆ ಬರಲಿಲ್ಲ. ಕರಿ ಎಂಜಿನ್ ಬಸವನಂತೆ ಗಂಭೀರವಾಗಿ ನಾಲ್ಕು ಹೆಜ್ಜೆ ಮುಂದೆ ಹೋಯಿತು, ನಾಲ್ಕು ಹೆಜ್ಜೆ ಹಿಂದೆ ಬಂತು. ದೇವೀರಪ್ಪ ಕನ್ನಡಕ ತೆಗೆದು ಒರೆಸಿದ. ಒರೆಸಬೇಕಾದದ್ದು ಕನ್ನಡಕವಾಗಿರಲಿಲ್ಲ.

“ಸಮತಟ್ಟಲ್ಲಿ ಓಡೋದೊಂದು ಓಟವಾ?” ಶಾಂತಮಲ್ಲಪ್ಪ ಎದ್ದ. “ಘಾಟಿ ಹತ್ತೋದು ನೋಡ್ರಿ ನಂದು!” ಸ್ಟೋರಿನ ಉದ್ದಕ್ಕೂ ಹಲಗೆ ಏರಿಸಿ ದೇವೀರಪ್ಪ ಕಟ್ಟಿದ್ದ ಏರಿಗೆ, ಹೊರಗಿನ ರೈಲು ಘಾಟಿಯಂತೆ, ದೋಣಿಗಾಲ್ ಘಾಟಿ ಎಂದೇ ಹೆಸರು. ಹಸಿರು ಎಂಜಿನ್ ಆರು ಡಬ್ಬಿ ಎಳೆದುಕೊಂಡು ಸರಸರ ಹೊರಟಿತು. ಅರ್ಧ ಏರಿನಲ್ಲಿ ಅದರ ಹಗುರ ಪ್ಲಾಸ್ಟಿಕ್ ಮೈಗೆ ಹಿಡಿತ ಸಿಗದೆ, ಚಕ್ರಗಳು ಗಿರಗಿರ ತಿರುಗಿ, ನಿಂತಲ್ಲೇ ನಿಂತಿತು. ಗಂಗಾಮಣಿ ಕರಿ ಎಂಜಿನ್ನನ್ನು ಅದೇ ಹಳಿಯಲ್ಲಿ ಹಿಂದಿನಿಂದ ತಂದು, ಕೊನೆಯ ಡಬ್ಬಿಗೆ ಮೆತ್ತಗೆ ಮೂತಿ ತಾಗಿಸಿ ನಿಲ್ಲಿಸಿದಳು.

“ತಳ್ಳಮ್ಮ ಮತ್ತೆ!” ಎಂದ ಶಾಂತಮಲ್ಲಪ್ಪ.

“ಹೆಂಗೆ ತಳ್ಳಲಿ? ನಮ್ಮಪ್ಪ ಲಕ್ಕಯ್ಯ ಘಾಟಿ ರೈಲಿನಾಗೆ ತಳ್ಳೋ ಹಿಂದಿನ ಎಂಜಿನ್ನಲ್ಲಿ ಹನ್ನೆರಡು ವರ್ಷ ಡ್ಯೂಟಿ ಮಾಡ್ದೋರು. ಮುಂದಿನ ಎಂಜಿನ್ನು ಕೂಗಿ ಕೇಳ್ದೆ ಹಿಂದಿಂದು ತಳ್ಳಂಗಿಲ್ಲ ಅಂತಿದ್ರು. ರೂಲ್ಸು.”

“ನನ್ನ ಎಂಜಿನ್ನಿಗೆ ಕೂಗೋ ಮಿಷನ್ನೇ ಇಲ್ವಲ್ಲೇ ಮಾರಾಯ್ತಿ!”

“ನಿಮಗೈತಲ್ಲ ಸಾವ್ಕಾರ್ರೆ.”

ಶಾಂತಮಲ್ಲಪ್ಪ ಭಾವನ ಮುಖ ನೋಡಿದ. ಭಾವ ಚಾವಣಿ ನೋಡುತ್ತಿದ್ದ. ರೈಟರು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಶಾಂತಮಲ್ಲಪ್ಪ ಗಂಟಲು ಸರಿಮಾಡಿಕೊಂಡು ಸಣ್ಣದಾಗಿ, ಕರು ಕೆಮ್ಮಿದಂತೆ, ಒಂದು ಸಲ ಕೂಗಿದ.

“ಹಿಂದಿನೋರಿಗೆ ಕೇಳಿಸ್ಲಿಲ್ಲ ಕಣೋ,” ಎಂದ ದೇವೀರಪ್ಪ.

ಆಗ ಶಾಂತಮಲ್ಲಪ್ಪ ಎರಡೂ ಕೈ ಬಾಯಿಗೆ ಹಿಡಿದು, ಕತ್ತಿನ ನರ ಉಬ್ಬಿಸಿ, ಥೇಟ್ ರೈಲಿನಂತೆ ಕೂಗಿಯೇ ಕೂಗಿದ. ಗಂಗಾಮಣಿ ತಿರುಗಣೆ ತಿರುಗಿಸಿದಳು. ಹಸಿರು ಎಂಜಿನ್, ಆರು ಡಬ್ಬಿ, ಶಾಂತಮಲ್ಲಪ್ಪನ ಮರ್ಯಾದೆ, ಅಷ್ಟನ್ನೂ ಮುಂದಿಟ್ಟುಕೊಂಡು ಕರಿ ಎಂಜಿನ್ ದೋಣಿಗಾಲ್ ಘಾಟಿ ಹತ್ತಿತು. ಹೊರಗೆ ಕಣದಲ್ಲಿ ಕಾಫಿ ಕೆದಕುತ್ತಿದ್ದ ಹೆಂಗಸರು ಆ ಕೂಗಿಗೆ ಕೈ ನಿಲ್ಲಿಸಿ, ಮೀಟರ್‌ಗೇಜ್ ಹಳಿ ಕಿತ್ತ ಮೇಲೆ ಏಳು ವರ್ಷದಿಂದ ರೈಲೇ ಇಲ್ಲದ ಘಾಟಿಯ ಕಡೆಗೆ ಒಟ್ಟಿಗೆ ತಿರುಗಿ ನಿಂತರು.