ಹೊಗೆ ಕೊಳವೆಯ ಕ್ಲಾಂಪು

ಕ್ಲಾಂಪು ಅಂಗಿಯ ಜೇಬಿನಲ್ಲೇ ಉಳಿದಿತ್ತು.

ಬೆಳಿಗ್ಗೆ ಬೀಡಿಗೆಂದು ಜೇಬಿಗೆ ಕೈ ಹಾಕಿದ ಮೌನೇಶಾಚಾರಿಯ ಬೆರಳಿಗೆ ಅದು ತಗುಲಿತು. ಉಂಗುರದಂಥ ಸಣ್ಣ ಕಬ್ಬಿಣದ ಪಟ್ಟಿ, ಅದಕ್ಕೊಂದು ಸ್ಕ್ರೂ. ಅದು ಇರಬೇಕಾದದ್ದು ಮೇಲುಕೋಟೆ ಬೆಟ್ಟದ ಮೇಲೆ, ಜರ್ಮನಿಯ ದಂಪತಿಯ ವ್ಯಾನಿನ ಅಡಿಯಲ್ಲಿ.

ಆ ವ್ಯಾನೇ ಒಂದು ಮನೆ. ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ. ಮಂಚದ ಕೆಳಗೆ ಹೀಟರೆಂಬ ಪೆಟ್ಟಿಗೆ. ಎಂಜಿನ್ನು ನಿಂತಿದ್ದರೂ ತಾನೇ ಡೀಸೆಲ್ ಸುಟ್ಟು ಬಿಸಿಗಾಳಿ ಊದುತ್ತದೆ. ಧನುರ್ಮಾಸದ ಚಳಿಗೆ ಆ ಹೆಂಗಸಿಗೆ ಕೆಮ್ಮು ಹಿಡಿದಿತ್ತು. ಹೀಟರಿಗೂ ಅದೇ ರೋಗ. ಎರಡು ಸಲ ಕೆಮ್ಮಿ ಆರಿಹೋಗುತ್ತಿತ್ತು. ಪ್ರವಾಸಿಗರನ್ನು ಊರು ಸುತ್ತಿಸುವ ದಿಲೀಪ್ ನಿನ್ನೆ ಸಂಜೆ ಜಕ್ಕನಹಳ್ಳಿಗೆ ಬಂದು ಆಚಾರಿಯನ್ನು ಸ್ಕೂಟರಿನಲ್ಲಿ ಹತ್ತಿಸಿಕೊಂಡು ಹೋಗಿದ್ದ. ಕುಲುಮೆ ಊದುವ ಮನೆತನವಾದರೂ ಆಚಾರಿ ಪಂಪ್‌ಸೆಟ್ಟು, ಟ್ರಾಕ್ಟರು ಎಲ್ಲಕ್ಕೂ ಕೈ ಹಾಕುವವನು.

ಡೀಸೆಲ್ ಬರುತ್ತಿತ್ತು. ಬ್ಯಾಟರಿಯ ವೈರು ಸರಿಯಾಗಿತ್ತು. ಕೊನೆಗೆ ಹೊಗೆ ಹೊರಗೆ ಬಿಡುವ ಕೊಳವೆಯನ್ನು ಬಿಚ್ಚಿದರೆ, ಕಡಜವೊಂದು ಅದರೊಳಗೆ ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡಿತ್ತು. ಕಂಬಿ ತೂರಿಸಿ ಗೂಡು ಕೆಡವಿ, ಕೊಳವೆ ಸಿಕ್ಕಿಸಿದ. ಹೀಟರು ಗೊರ್ರೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸಂಭ್ರಮದಲ್ಲಿ ಕ್ಲಾಂಪು ಬಿಗಿಯುವುದು ಮರೆತೇಹೋಯಿತು.

ಕ್ಲಾಂಪಿಲ್ಲದ ಕೊಳವೆ ಅದುರಿ ಅದುರಿ ಕಳಚಿಕೊಳ್ಳುತ್ತದೆ. ಹೊಗೆ ಮಂಚದ ಕೆಳಗಿಂದ ಒಳಗೇ ನುಗ್ಗುತ್ತದೆ. ಹೋದ ವರ್ಷ ಬೆಳ್ಳೂರು ಕ್ರಾಸಿನಲ್ಲಿ ಲಾರಿಯ ಎಂಜಿನ್ನು ಓಡುತ್ತಿರುವಂತೆಯೇ ಗಾಜು ಏರಿಸಿಕೊಂಡು ಮಲಗಿದ ಡ್ರೈವರು, ಕ್ಲೀನರು ಏಳಲೇ ಇಲ್ಲ. ಬಾಗಿಲು ಮೀಟಿ ತೆಗೆದವನು ಇದೇ ಆಚಾರಿ. ಆ ಮುಖಗಳು ಈಗ ಕಣ್ಣಿಗೆ ಕಟ್ಟಿದವು.

ಸೈಕಲ್ಲಿಗೆ ಕೈ ಹಾಕಿದ್ದೇ ತಡ, ಹೆಂಡತಿ ವರಲಕ್ಷ್ಮಮ್ಮ ಅಡ್ಡ ಬಂದಳು. "ಎಲ್ಗೆ ಹೊಂಟ್ರಿ? ಮಗಳ ಕೋಣೆಗೆ ಕೆಂಡ ಹಾಕ್ಬುಟ್ಟು ಓಗಿ. ಆರೋಗೈತೆ."

ಮಾತಿಗೆ ನಿಂತರೆ ಇನ್ನೂ ತಡ. ಕುಲುಮೆಯ ನಿಗಿನಿಗಿ ಇದ್ದಲನ್ನು ಅಗ್ಗಿಷ್ಟಿಕೆಗೆ ತುಂಬಿ, ಚೊಚ್ಚಲ ಬಾಣಂತಿ ಭೂಮಿಕಳ ಮಂಚದ ಕೆಳಗೆ ತಳ್ಳಿದ. ಕಿಟಕಿಗೆ ಗೋಣಿ ತುರುಕಿದ್ದರಿಂದ ಕೋಣೆ ಬೆಚ್ಚಗಿತ್ತು. ಕೂಸು ಕೆಂಪು ಕೆನ್ನೆಯಿಟ್ಟುಕೊಂಡು ನಿದ್ದೆ ಹೋಗಿತ್ತು. ತಲೆಗೆ ಉಣ್ಣೆಯ ಟೋಪಿ. ಮೊಮ್ಮಗುವಿಗೆಂದು ನಿನ್ನೆ ಆ ಜರ್ಮನಿಯ ಹೆಂಗಸೇ ಕೊಟ್ಟಿದ್ದಳು. ಟೋಪಿ ಕಂಡು ಆಚಾರಿ ಬಾಗಿಲ ಕಡೆ ತಿರುಗಿದ.

"ರಾತ್ರಿಯೆಲ್ಲ ಉಸಿರೆತ್ನಿಲ್ಲ ನನ್ನಪ್ಪ, ಒಂದೇ ನಿದ್ದೆ," ಎಂದು ವರಲಕ್ಷ್ಮಮ್ಮ ಕೂಸಿನ ದೃಷ್ಟಿಬೊಟ್ಟು ತಿದ್ದಿದಳು.

"ತಲೆ ಸಿಡೀತದೆ ಕಣಪ್ಪ," ಎಂದಳು ಭೂಮಿಕ, ಕಣ್ಣು ಬಿಡದೆ.

"ಗಾಳಿ ಸೋಕೈತೆ. ಬಾಗ್ಲು ಭದ್ರವಾಗಿ ಎಳ್ಕೊಂಡು ಓಗಿ," ಎಂದು ಹೇಳಿ ವರಲಕ್ಷ್ಮಮ್ಮ ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ಆಚಾರಿ ಬಾಗಿಲೆಳೆದುಕೊಂಡು ಸೈಕಲ್ ಹತ್ತಿದ.

ಏರುದಾರಿಯಲ್ಲಿ ಸೈಕಲ್ ತುಳಿಯಲಾಗದೆ ತಳ್ಳಿಕೊಂಡು ಓಡಿದ. ಎಸ್‌ಟಿಡಿ ಬೂತು ಇನ್ನೂ ತೆರೆದಿರಲಿಲ್ಲ. ತೆರೆದಿದ್ದರೂ ವ್ಯಾನಿಗೇನು ಫೋನಿತ್ತೇ? ಪೊಲೀಸರು, ಕೈಕೋಳ, ಊರಿನವರ ಬಾಯಿ ಎಲ್ಲವೂ ನೆನಪಾದವು. ಅವೆಲ್ಲಕ್ಕಿಂತ, ಪರದೆ ಸರಿಸಿದಾಗ ಕಾಣುವುದಕ್ಕೇ ಅವನು ಹೆಚ್ಚು ಹೆದರಿದ್ದ. ಮಹಾತಾಯಿ, ಅವರಿಬ್ಬರನ್ನೂ ಉಳಿಸಿಕೊಡು ಎಂದು ದಾರಿಯುದ್ದಕ್ಕೂ ಕಾಳಮ್ಮನಿಗೆ ಮೊರೆಯಿಟ್ಟ.

ಕೊಳದ ಪಕ್ಕದಲ್ಲಿ ವ್ಯಾನು ನಿಂತಿತ್ತು. ಪರದೆ ಮುಚ್ಚಿತ್ತು. ಆಚಾರಿ ಬಾಗಿಲು ಬಡಿದ. ಸದ್ದಿಲ್ಲ. ಎರಡೂ ಕೈಯಲ್ಲಿ ಗುದ್ದಿದ. ಸದ್ದಿಲ್ಲ. ಗಾಜು ಒಡೆಯಲು ಕಲ್ಲೆತ್ತಿಕೊಂಡ.

"ಏನಾಯ್ತು ಆಚಾರ್ರೆ?"

ಕೊಳದ ಮೆಟ್ಟಿಲ ಕಡೆಯಿಂದ ದಿಲೀಪ್ ಬರುತ್ತಿದ್ದ. ಅವನ ಹಿಂದೆ ಕಾಫಿ ಲೋಟ ಹಿಡಿದುಕೊಂಡು ಗಂಡ, ಹೆಂಡತಿ. ಇಬ್ಬರೂ ಗುಂಡುಕಲ್ಲಿನಂತೆ ಇದ್ದರು.

ಆಚಾರಿ ಕಲ್ಲು ಬಿಟ್ಟು ನೆಲದ ಮೇಲೆ ಕುಸಿದು ಕೂತ. ಅಳು ತಡೆಯಲಾಗಲಿಲ್ಲ. ಕ್ಲಾಂಪು ತೋರಿಸಿ, ತಪ್ಪು ಒಪ್ಪಿಕೊಂಡ. ದಿಲೀಪ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಜರ್ಮನಿಯವನು ಸಿಟ್ಟಾಗಲಿಲ್ಲ. ವ್ಯಾನಿನ ಗೋಡೆಗೆ ಹಾಕಿದ್ದ ರೇಡಿಯೋದಂಥ ಸಣ್ಣ ಡಬ್ಬಿಯನ್ನು ತೋರಿಸಿದ. ರಾತ್ರಿ ಅದು ಕಿರುಚಿಕೊಂಡು ಎಬ್ಬಿಸಿತ್ತು. ಹೀಟರು ನಿಲ್ಲಿಸಿ, ಬಾಗಿಲು ತೆರೆದು ಕೂತರಂತೆ.

"ಡಬ್ಬಿ ಯಾಕೆ ಬೇಕಿತ್ತು?" ಎಂದ ಆಚಾರಿ, ಮೂಗೊರೆಸಿಕೊಂಡು ವ್ಯಾನಿನಡಿ ನುಸುಳುತ್ತ. "ಹೊಗೆ ಮೂಗಿಗೆ ಬಡಿದ್ರೂ ಮಲಗಿದ್ದೋರು ಯಾಕಪ್ಪ ಏಳಾಕಿಲ್ಲ?"

ಜರ್ಮನಿಯವನು ತಲೆಯಾಡಿಸಿ ಉದ್ದಕ್ಕೆ ಏನೋ ಹೇಳಿದ. ದಿಲೀಪ್ ಬಗ್ಗಿ ಕನ್ನಡದಲ್ಲಿ ಒಪ್ಪಿಸಿದ. "ಕೊಲ್ಲೋದು ಹೊಗೆ ಅಲ್ವಂತೆ. ಅದು ಬ್ಯಾರೆ ಒಂದು ಗಾಳಿಯಂತೆ. ಕಣ್ಗೆ ಕಾಣಾಕಿಲ್ಲ, ವಾಸ್ನೆ ಇಲ್ಲ. ಮುಚ್ಚಿದ ಜಾಗ್ದಲ್ಲಿ ಏನೇ ಉರುದ್ರೂ ಅದು ಉಟ್ಟತದಂತೆ. ಮೊದ್ಲು ತಲೆನೋವು, ಆಮೇಕೆ ತೂಕಡಿಕೆ. ಕೆಲವರ್ಗೆ ಕೆನ್ನೆ ಕೆಂಪಗಾಗಿ, ನೋಡ್ದೋರು ಚೆನ್ನಾಗವ್ರೆ ಅನ್ಕೊಳ್ತಾರಂತೆ."

ಸ್ಕ್ರೂ ತಿರುಗಿಸುತ್ತಿದ್ದ ಕೈ ನಿಂತಿತು.

"ಎಳೆಗೂಸಾದ್ರೆ?" ವ್ಯಾನಿನಡಿಯಿಂದ ಕ್ಷೀಣ ದನಿ ಬಂತು.

ದಿಲೀಪ್ ಕೇಳಿ ಹೇಳಿದ. "ಅಳಾಕೂ ಆಗಾಕಿಲ್ವಂತೆ."

ಆಚಾರಿ ತೆವಳಿಕೊಂಡು ಹೊರಬಂದವನೇ ಸೈಕಲ್ಲಿನ ಕಡೆ ಓಡಿದ. ಸ್ಕ್ರೂಡ್ರೈವರ್ ಎಲ್ಲೋ ಬಿತ್ತು.

"ಎಲ್ಗೆ ಆಚಾರ್ರೆ? ಇವ್ರಿಗೇನೂ ಆಗಿಲ್ವಲ್ಲ," ಎಂದು ದಿಲೀಪ್ ಕೂಗಿದ.

"ಬಾಣಂತಿ ಕೋಣೇಲಿ ಕೆಂಡ ಐತೆ ಕಣ್ಲಾ, ಸ್ಕೂಟ್ರು ತೆಗಿ," ಎಂದ ಆಚಾರಿ. "ನಾನೇ ತುಂಬ್ಬುಟ್ಟು, ಬಾಗ್ಲು ಎಳ್ಕೊಂಡು ಬಂದಿವ್ನಿ."